ಉಸ್ಮಾನಿಯಾ ಅಂದರೆ ಬರೀ ಬಿಸ್ಕೀಟಲ್ಲ

ಎರಡು ವರ್ಷದ ಹಿಂದೆ ಕಲಬುರಗಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತವರು ಒಬ್ಬ ಕಾಲೇಜು ಅಧ್ಯಾಪಕರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಮಾತು ಹಿಂದುಳಿದ ನಮ್ಮ ಭಾಗದ ಕಡೆಗೆ ಹೊರಳಿತು. ಅಲ್ಲಿ ಕೂತವರ ಮಾತು ಕೊನೆಗೆ ಅಲ್ಲಿಗೇ ಬರುವುದು ವಾಡಿಕೆ.

"ನಮ್ಮ ಭಾಗಕ್ಕ ಎಂಬತ್ತರ ತನಕ ಯೂನಿವರ್ಸಿಟಿ ಅನ್ನೋದೇ ಇರ್ಲಿಲ್ಲ ನೋಡ್ರಿ" ಅಂದರು.

"ಹಂಗಾದ್ರ ನಮ್ಮಪ್ಪ ಎಲ್ಲಿ ಬಿ.ಎ. ಮಾಡಿದ್ರು?" ಅಂತ ಕೇಳಿದೆ.

"ಎಲ್ಲಿ ಮಾಡಿದ್ರಿ?"

"ಉಸ್ಮಾನಿಯಾದಾಗ."

"ಅದು ಅವರದ್ದಲ್ರಿ. ನಮ್ಮದೆಲ್ಲಿ?"

ಅಷ್ಟರಲ್ಲಿ ಹೋಳಿಗೆ ಬಂತು, ಮಾತು ನಿಂತಿತು. ಎದುರಿಗೆ ಕೂತಿದ್ದ ಬೆಂಗಳೂರಿನ ನಮ್ಮ ಸೋದರಳಿಯನಿಗೆ ಉಸ್ಮಾನಿಯಾ ಅನ್ನುವ ಶಬ್ದ ಮಾತ್ರ ಕಿವಿಗೆ ಬಿದ್ದಿತ್ತು. "ಮಾಮಾ, ಮುಂದಿನ ಸಲ ಬರುವಾಗ ಉಸ್ಮಾನಿಯಾ ಬಿಸ್ಕೀಟು ಎರಡು ಡಬ್ಬಿ ತಗೊಂಡು ಬನ್ನಿ" ಅಂದ. ನಾನು ಹೂಂ ಅಂದೆ.

ಬಿಸ್ಕೀಟು ಒಯ್ದು ಕೊಟ್ಟದ್ದೂ ಆಯಿತು. ಆದರೆ ಆ 'ಅವರದ್ದು' ಅನ್ನುವ ಮಾತು ಮಾತ್ರ ಗಂಟಲಲ್ಲಿ ಹಾಗೇ ಉಳಿದಿದೆ. ಅದಕ್ಕೆ ಪಂಕ್ತಿಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತೇನೆ. ಸ್ವಲ್ಪ ಖಾರವಾದರೆ ಓದುಗರು ಸಹಿಸಿಕೊಳ್ಳಬೇಕು.

ನಾನು ಇರುವುದು ಪಟಾನ್‌ಚೆರುವಿನಲ್ಲಿ. ಹೈದರಾಬಾದಿನ ಪಶ್ಚಿಮದ ಅಂಚು; ಜಹೀರಾಬಾದ್, ಹುಮನಾಬಾದ್ ಮೇಲೆ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಊರಿನ ನಡುವೆಯೇ ಹಾಯುತ್ತದೆ. ಬ್ಯಾಂಕಿನ ನೌಕರಿಯಲ್ಲಿ ಊರೂರು ತಿರುಗಿ, ಕೊನೆಯ ಪೋಸ್ಟಿಂಗು ಈ ಕಡೆ ಬಂದಾಗ ಇಲ್ಲೊಂದು ಮನೆ ಮಾಡಿದೆ. ರಿಟೈರಾದ ಮೇಲೆ ಹೊರಡಲಿಲ್ಲ. ಕಾರ್ಖಾನೆಗಳ ಊರು, ಗಾಳಿ ಅಷ್ಟೇನೂ ಶುದ್ಧವಿಲ್ಲ. ಆದರೂ ಸಂತೆಯ ದಿನ ಬೀದರ್ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಇನ್ನೂ ಒಂದು ಕಾರಣವಿದೆ. ಕಲ್ಯಾಣದ ಚಾಲುಕ್ಯರ ಎರಡನೇ ಜಯಸಿಂಹ ಹನ್ನೊಂದನೇ ಶತಮಾನದಲ್ಲಿ ಪೊಟ್ಟಲಕೆರೆ ಅನ್ನುವ ನೆಲೆವೀಡಿನಿಂದ ಆಳಿದ ಅಂತ ಶಾಸನಗಳು ಹೇಳುತ್ತವೆ. ಆ ಪೊಟ್ಟಲಕೆರೆಯೇ ಈ ಪಟಾನ್‌ಚೆರು ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಕನ್ನಡದ ಕೆರೆ ಹೋಗಿ ತೆಲುಗಿನ ಚೆರುವು ಬಂತು, ಅಷ್ಟೇ. ಹೊರನಾಡು ಅಂತ ನಾನು ಬಂದು ಕೂತ ಜಾಗ ಸಾವಿರ ವರ್ಷದ ಹಿಂದೆ ಕನ್ನಡದ ದೊರೆಯ ರಾಜಧಾನಿ! ಊರ ಹೆಸರಿನ ಮೇಲೆ ಹಕ್ಕು ಸಾಧಿಸಲು ಇದನ್ನು ಹೇಳುತ್ತಿಲ್ಲ. 'ನಮ್ಮದು', 'ಅವರದ್ದು' ಅಂತ ಗೆರೆ ಎಳೆಯುವವರು ಗೆರೆ ಎಲ್ಲಿ ಎಳೀತೀವಿ ಅಂತ ಸ್ವಲ್ಪ ನೋಡಿಕೊಳ್ಳಲಿ ಅನ್ನುವುದಕ್ಕೆ ಹೇಳಿದೆ.

ಈಗ ವಿಷಯಕ್ಕೆ ಬರೋಣ. 1956ರ ನವೆಂಬರ್ 1ರ ತನಕ ಕಲಬುರಗಿ, ರಾಯಚೂರು, ಬೀದರ್ ಮೂರೂ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಇಂದಿನ ಜಹೀರಾಬಾದ್, ನಾರಾಯಣಖೇಡ ಕೂಡ ಆಗ ಬೀದರ್ ಜಿಲ್ಲೆಯವೇ. ಆ ರಾಜ್ಯದ ವಿಶ್ವವಿದ್ಯಾಲಯ ಉಸ್ಮಾನಿಯಾ. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1917ರಲ್ಲಿ ಫರ್ಮಾನು ಹೊರಡಿಸಿದ, 1918ರಲ್ಲಿ ಸ್ಥಾಪನೆಯಾಯಿತು, 1919ರಲ್ಲಿ ತರಗತಿಗಳು ಶುರುವಾದವು. ಅದರ ಖರ್ಚು ಎಲ್ಲಿಂದ ಬಂತು? ನಿಜಾಮನ ಕೈಯ ಉಂಗುರದಿಂದಲ್ಲ. ಖಜಾನೆಯಿಂದ. ಖಜಾನೆಗೆ ಎಲ್ಲಿಂದ? ಆಳಂದದ ಜೋಳದ ಹೊಲದಿಂದ, ರಾಯಚೂರಿನ ಹತ್ತಿಯಿಂದ, ತೆಲಂಗಾಣದ ಕೆರೆಯ ಕೆಳಗಿನ ಭತ್ತದಿಂದ, ಮರಾಠವಾಡದ ಕರಿಮಣ್ಣಿನಿಂದ. ಕಂದಾಯ ಕಟ್ಟಿದವನು ಪಾಲುದಾರ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ. ಅಲ್ಲಿನ ಆರ್ಟ್ಸ್ ಕಾಲೇಜಿನ ಗುಲಾಬಿ ಕಲ್ಲಿನಲ್ಲಿ ನಮ್ಮ ಮುತ್ಯಾನ ಜೋಳದ ಪಾಲಿದೆ.

ಆ ಕಟ್ಟಡ ನೋಡದವರು ಒಮ್ಮೆ ನೋಡಿಬನ್ನಿ. ಪಟಾನ್‌ಚೆರುವಿನಿಂದ 218 ನಂಬರಿನ ಬಸ್ಸು ಹತ್ತಿ ಕೋಠಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಆಯಿತು, ಅರ್ಧ ದಿನದ ಕೆಲಸ. ಬೆಲ್ಜಿಯಮ್ಮಿನ ಅರ್ನೆಸ್ಟ್ ಜಾಸ್ಪರ್ ಅದರ ವಾಸ್ತುಶಿಲ್ಪಿ. 1934ರಲ್ಲಿ ಅಡಿಗಲ್ಲು, 1939ರ ಡಿಸೆಂಬರಿನಲ್ಲಿ ಉದ್ಘಾಟನೆ. ಕಮಾನು ಮುಸಲ್ಮಾನರದ್ದು, ಕಂಬಗಳಲ್ಲಿ ಅಜಂತಾ ಎಲ್ಲೋರಾಗಳ ನೆರಳು. ಕಲ್ಲಿಗೆ ಬಂದ ಉದಾರತೆ ಪಾಠದ ಭಾಷೆಗೆ ಯಾಕೆ ಬರಲಿಲ್ಲ ಅನ್ನುವುದೇ ನನ್ನ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳುವ ಹಕ್ಕು 'ಅದು ನಮ್ಮದು' ಅನ್ನುವವನಿಗೆ ಮಾತ್ರ ಇದೆ. 'ಅವರದ್ದು' ಅಂದುಬಿಟ್ಟರೆ ದೂರು ಕೊಡುವ ಹಕ್ಕೂ ಹೋಯಿತು.

ಉಸ್ಮಾನಿಯಾದ ಹೆಸರು ಬಂದಾಗ ಎರಡು ಥರದ ಜನ ಸಿಗುತ್ತಾರೆ. ಹೈದರಾಬಾದಿನ ಹಳೆಯ ಸಜ್ಜನರು ಒಂದು ಥರ. ಭಾರತದಲ್ಲೇ ಮೊದಲ ಸಲ ದೇಶಭಾಷೆಯಲ್ಲಿ ವಿಜ್ಞಾನ, ವೈದ್ಯ, ಕಾನೂನು, ಎಂಜಿನಿಯರಿಂಗ್ ಕಲಿಸಿದ ವಿಶ್ವವಿದ್ಯಾಲಯ ನಮ್ಮದು ಅಂತ ಅವರು ಎದೆ ತಟ್ಟಿಕೊಳ್ಳುತ್ತಾರೆ. ಎದೆ ತಟ್ಟಿಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ನಿಜ. ಮೈಸೂರು ವಿಶ್ವವಿದ್ಯಾಲಯ ಎರಡು ವರ್ಷ ಮೊದಲು, 1916ರಲ್ಲೇ ಹುಟ್ಟಿತು. ಅಲ್ಲಿ ನಾಲ್ವಡಿಯವರಂಥ ದೊರೆ, ವಿಶ್ವೇಶ್ವರಯ್ಯನವರಂಥ ದಿವಾನರು ಇದ್ದರು, ಪ್ರಜೆಗಳಲ್ಲಿ ಬಹುಪಾಲು ಜನರ ಮಾತು ಕನ್ನಡ. ಆದರೂ ಪಾಠ ಇಂಗ್ಲಿಷಿನಲ್ಲಿ. ಹೈದರಾಬಾದು ಆ ಅಂಜಿಕೆ ಬಿಟ್ಟಿತು. ಆದರೆ ಈ ಸಜ್ಜನರು ಮುಂದಿನ ಸಾಲು ಹೇಳುವುದಿಲ್ಲ. ಅದು ಯಾರ ದೇಶಭಾಷೆ? ರಾಜ್ಯದಲ್ಲಿ ಉರ್ದು ಮನೆಮಾತಾದವರು ನೂರಕ್ಕೆ ಹತ್ತು ಹನ್ನೆರಡು ಮಂದಿ. ಹೆಚ್ಚುಕಡಿಮೆ ಅರ್ಧ ಜನ ತೆಲುಗರು, ಕಾಲುಭಾಗ ಮರಾಠಿಗರು, ಕನ್ನಡಿಗರೇ ಉರ್ದುವಿನವರಷ್ಟು ಇದ್ದರು. ಪರದೇಶದ ಭಾಷೆಯ ಹೊರೆ ಇಳಿಸುತ್ತೇವೆ ಅಂತ ಹೇಳಿ, ಹತ್ತರಲ್ಲಿ ಒಂಬತ್ತು ಮಕ್ಕಳ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದರು.

ನಮ್ಮಪ್ಪ ಹೇಳುತ್ತಿದ್ದ ಲೆಕ್ಕ ಇದು. ಊರ ಐಗಳ ಸಾಲಿಯಲ್ಲಿ ಕನ್ನಡ ಅಕ್ಷರ ತಿದ್ದಿದ ಹುಡುಗರು ಹನ್ನೊಂದು ಮಂದಿ. ಮುಂದೆ ಉರ್ದು ಬಂದಾಗ ಆರು ಮಂದಿ ಉಳಿದರು. ಮೆಟ್ರಿಕ್ಕಿಗೆ ಇಬ್ಬರು. ಉಸ್ಮಾನಿಯಾಕ್ಕೆ ಹೋಗಿ ಶೇರವಾನಿ ತೊಟ್ಟವರು ಒಬ್ಬರೇ, ಅವರು. ಉಳಿದ ಹತ್ತು ಮಂದಿ ದಡ್ಡರಾಗಿರಲಿಲ್ಲ. ಅವರಲ್ಲೊಬ್ಬರು ಬಾಯಿಲೆಕ್ಕದಲ್ಲಿ ಅಪ್ಪನಿಗಿಂತ ಚುರುಕು. ಜೀವನಪೂರ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿ ತೀರಿಕೊಂಡರು. ಅಪ್ಪ ಅವರ ಮಾತು ತೆಗೆದಾಗಲೆಲ್ಲ "ನನ್ನ ಡಿಗ್ರಿ ಅರ್ಧ ಅವಂದು" ಅನ್ನುತ್ತಿದ್ದರು. ಎದೆ ತಟ್ಟಿಕೊಳ್ಳುವ ಸಜ್ಜನರು ಈ ಹತ್ತು ಹುಡುಗರ ಲೆಕ್ಕವನ್ನೂ ಬರೆಯಬೇಕು.

ಇನ್ನೊಂದು ಥರದವರು ನಮ್ಮ ರಾಜ್ಯದಲ್ಲಿದ್ದಾರೆ. ಉಸ್ಮಾನಿಯಾ ಅಂದರೆ ಉರ್ದು, ಉರ್ದು ಅಂದರೆ ನಿಜಾಮ, ನಿಜಾಮ ಅಂದರೆ ರಜಾಕಾರರು, ಅಲ್ಲಿಗೆ ಮಾತು ಮುಗಿಯಿತು. ರಜಾಕಾರರ ಕಾಲದ ನೋವು ನಮ್ಮ ಮನೆಗೂ ತಟ್ಟಿದೆ, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವರಿಗೆ 1938ರ ಕಥೆ ಗೊತ್ತಿದೆಯೇ? ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ ಹುಡುಗರನ್ನು ಹೊರಗೆ ಹಾಕಿದರು. ಚಳವಳಿ ಕಲಬುರಗಿಯ ಕಾಲೇಜಿಗೂ ಹಬ್ಬಿತು. ನೂರಾರು ವಿದ್ಯಾರ್ಥಿಗಳ ಓದು ನಿಂತಿತು. ಅವರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ. ಹಾಗೆ ನಾಗಪುರಕ್ಕೆ ಹೋಗಿ ಓದಿದವರಲ್ಲಿ ಒಬ್ಬರು ಮುಂದೆ ದೇಶದ ಪ್ರಧಾನಿಯಾದ ಪಿ. ವಿ. ನರಸಿಂಹರಾವ್. ಅಂದರೆ ಉಸ್ಮಾನಿಯಾದ ಪರಂಪರೆಯಲ್ಲಿ ಫರ್ಮಾನು ಮಾತ್ರ ಇಲ್ಲ, ಫರ್ಮಾನಿಗೆ ಎದುರು ನಿಂತ ಹುಡುಗರೂ ಇದ್ದಾರೆ. 1969ರಲ್ಲಿ, ಆಮೇಲೆ 2009ರಿಂದ, ಪ್ರತ್ಯೇಕ ತೆಲಂಗಾಣಕ್ಕೆ ಬೀದಿಗಿಳಿದದ್ದೂ ಅದೇ ಆವರಣ. ತೆಲುಗರ ಭಾಷೆಗೂ ಅಲ್ಲಿ ಪಾಠದ ಜಾಗ ಸಿಕ್ಕಿರಲಿಲ್ಲ, ಅವರ ಗಾಯ ನಮ್ಮದಕ್ಕಿಂತ ಚಿಕ್ಕದೇನಲ್ಲ. ಆದರೂ 2017ರಲ್ಲಿ ನೂರು ವರ್ಷದ ಹಬ್ಬ ಮಾಡಿದಾಗ ಅವರು ಅದನ್ನು ತಮ್ಮ ಮನೆ ಅಂತಲೇ ಮಾಡಿದರು. ಜಗಳ ಆಡಿದ ಮನೆಯನ್ನು ಯಾರಾದರೂ ನೆರೆಮನೆ ಅನ್ನುತ್ತಾರೆಯೇ?

ನಾವು ಅಂದೆವು. ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿರುತ್ತದೆ. ಯಾವ ಖಾತೆಗೆ ಹಾಕಬೇಕು ಅಂತ ತಿಳಿಯದ ಹಣವನ್ನು ತಾತ್ಪೂರ್ತಿಕವಾಗಿ ಅಲ್ಲಿ ಹಾಕಿಡುತ್ತೇವೆ. ಆಡಿಟರು ಬಂದಾಗ ಮೊದಲು ಕೇಳುವುದೇ ಅದನ್ನು. ಕನ್ನಡಿಗರು ಉಸ್ಮಾನಿಯಾವನ್ನು 1956ರಲ್ಲಿ ಸಸ್ಪೆನ್ಸಿಗೆ ಹಾಕಿದವರು ಇನ್ನೂ ತೆಗೆದಿಲ್ಲ.

ತೆಗೆದು ನೋಡಿದರೆ ಏನೇನಿದೆ? ವಿಶ್ವವಿದ್ಯಾಲಯ ಹುಟ್ಟಿದ 1918ರಲ್ಲೇ ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ ಹುಟ್ಟಿದ ಕವಿ ಸಿದ್ದಯ್ಯ ಪುರಾಣಿಕರು ಅಲ್ಲಿ ಓದಿದವರು. ಕರ್ನಾಟಕದ ಇಬ್ಬರು ಮುಖ್ಯಮಂತ್ರಿಗಳು, ಚಿಂಚೋಳಿಯ ವೀರೇಂದ್ರ ಪಾಟೀಲರು ಮತ್ತು ಜೇವರ್ಗಿಯ ಧರ್ಮಸಿಂಗ್, ಅಲ್ಲಿಯ ಪದವೀಧರರು. ಡಿ. ಕೆ. ಭೀಮಸೇನರಾಯರು ಅಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಉರ್ದುವಿನ ಆ ಕೋಟೆಯೊಳಗೆ ಕನ್ನಡಕ್ಕೆ ಒಂದು ಕೋಣೆಯಾದರೂ ಇತ್ತು, ದೀಪ ಹಚ್ಚಿಟ್ಟವರಿದ್ದರು. ನಮ್ಮ ಕಡೆಯ ಎಷ್ಟು ಕಾಲೇಜು ಮಕ್ಕಳಿಗೆ ಭೀಮಸೇನರಾಯರ ಹೆಸರು ಗೊತ್ತು? ಸಮೀಕ್ಷೆ ಮಾಡುವ ಅಗತ್ಯವೇ ಇಲ್ಲ, ನಿಮ್ಮ ಮನೆಯಲ್ಲೇ ಕೇಳಿ ನೋಡಿ.

1956ರಲ್ಲಿ ಏಕೀಕರಣವಾಯಿತು, ಸಂತೋಷ. ನಮ್ಮ ಕಾಲೇಜುಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಕಲಬುರಗಿಯವನಿಗೆ ಹೈದರಾಬಾದಿಗಿಂತ ಧಾರವಾಡ ದೂರ. ನಿಜಾಮನ ರಾಜ್ಯದಿಂದ ನಮ್ಮ ಹಾಗೆಯೇ ಹೊರಬಿದ್ದ ಮರಾಠಿಗರಿಗೆ ಔರಂಗಾಬಾದಿನಲ್ಲಿ 1958ರಲ್ಲೇ ಸ್ವಂತ ವಿಶ್ವವಿದ್ಯಾಲಯ ಬಂತು. ನಮಗೆ ಬಂದದ್ದು 1980ರಲ್ಲಿ. ಇಪ್ಪತ್ತೆರಡು ವರ್ಷದ ವ್ಯತ್ಯಾಸ. ಪಂಕ್ತಿಯಲ್ಲಿ ಕೂತ ಆ ಅಧ್ಯಾಪಕರು '1980ರ ತನಕ ಇರಲಿಲ್ಲ' ಅಂದಾಗ ತಪ್ಪನ್ನು ನಿಜಾಮನ ಹೆಸರಿಗೆ ಬರೆದರು. 1956ರಿಂದ 1980ರ ತನಕ ಯಾವ ನಿಜಾಮನಿದ್ದ ಸ್ವಾಮಿ? ಆ ಬಾಕಿ ಬೆಂಗಳೂರಿನದ್ದು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ಒಳ್ಳೆಯ ಹೆಸರು, ಬಸವಣ್ಣನ ಊರಿನ ಹೆಸರು, ನನಗೆ ತಕರಾರಿಲ್ಲ. ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಹಳೆಯ ಲೆಡ್ಜರು ಸುಟ್ಟುಹೋಗುವುದಿಲ್ಲ ಅಂತ ಮಾತ್ರ ನೆನಪಿರಲಿ. ನಮ್ಮ ಮನೆತನದ ಎರಡೆಕರೆ ಜಮೀನಿನ ನಲವತ್ತರ ದಶಕದ ಕಾಗದ ಉರ್ದುವಿನಲ್ಲಿದೆ. ಊರಿನ ಕಚೇರಿಯಲ್ಲಿ ಓದುವವರೊಬ್ಬರೂ ಸಿಗಲಿಲ್ಲ. ಕೊನೆಗೆ ಹೈದರಾಬಾದಿನ ನಾಂಪಲ್ಲಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಎಂಬತ್ತು ದಾಟಿದವರು, ಕನ್ನಡಕ ಒರೆಸಿ ಒರೆಸಿ ಓದಿಕೊಟ್ಟರು. ದುಡ್ಡು ಕೊಡಹೋದರೆ "ನಕ್ಕೋ ಭಾಯ್" ಅಂದರು. ಇಂಥವರು ಇನ್ನೆಷ್ಟು ದಿನ ಸಿಗುತ್ತಾರೆ?

ಇಲ್ಲಿ ತನಕ ಹೇಳಿದ್ದು ಹಕ್ಕಿನ ಮಾತು. ನನಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಉಸ್ಮಾನಿಯಾವನ್ನು 'ಅವರದ್ದು' ಅಂದು ದೂರ ತಳ್ಳಿದ್ದರಿಂದ ಅದರ ಪಾಠವೂ ಕೈತಪ್ಪಿಹೋಯಿತು.

ನಮ್ಮಲ್ಲಿ ವಿದ್ಯಾವಂತರು ಒಂದು ಮಾತು ಸಲೀಸಾಗಿ ಆಡುತ್ತಾರೆ: ದೊಡ್ಡ ಓದು ದೇಶಭಾಷೆಯಲ್ಲಿ ಆಗುವುದಿಲ್ಲ, ಹೈದರಾಬಾದಿನಲ್ಲಿ ಮಾಡಿ ನೋಡಿದರಲ್ಲ, ಮುಳುಗಿತು. ಮುಳುಗಿತೇ? ರಜಿಯುದ್ದೀನ್ ಸಿದ್ದಿಕಿ ಅಂತ ಒಬ್ಬ ಗಣಿತಜ್ಞರು. ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ ಓದಿ, ಕೇಂಬ್ರಿಜಿಗೆ ಹೋಗಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈಸೆನ್‌ಬರ್ಗ್ ಕೈಕೆಳಗೆ ಡಾಕ್ಟರೇಟು ಮಾಡಿ, ಮರಳಿ ಉಸ್ಮಾನಿಯಾದಲ್ಲೇ ಪ್ರೊಫೆಸರಾದರು. ಕ್ವಾಂಟಂ ಶಾಸ್ತ್ರದ ಗುರುವಿನ ಎದುರು ಹೋಗಿ ನಿಲ್ಲಲು ಉರ್ದು ಅಡ್ಡ ಬರಲಿಲ್ಲ. ಉರ್ದುವಿನಲ್ಲಿ ವೈದ್ಯ ಓದಿದ ಡಾಕ್ಟರುಗಳು ಕಲಬುರಗಿ, ರಾಯಚೂರಿನ ರೋಗಿಗಳ ನಾಡಿ ಹಿಡಿದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಉರ್ದು ಹೋಗಿ ಇಂಗ್ಲಿಷ್ ಬಂದದ್ದು ರಾಜ್ಯ ಬಿದ್ದದ್ದಕ್ಕೆ, ವಿದ್ಯೆ ಸೋತದ್ದಕ್ಕಲ್ಲ. ಜನರ ಮಾತಲ್ಲದ ಭಾಷೆಗೆ ರಾಜ್ಯದ ಆಸರೆ ಬಿಟ್ಟರೆ ಬೇರೆ ಆಸರೆ ಇರಲಿಲ್ಲ, ಆಸರೆ ಬಿದ್ದಾಗ ಅದೂ ಬಿತ್ತು. ಇದರಿಂದ ಹೊರಡುವ ತೀರ್ಮಾನ 'ಇಂಗ್ಲಿಷೇ ಗತಿ' ಅಂತಲ್ಲ. ಜನರ ಭಾಷೆಯಲ್ಲೇ ಮಾಡಿದ್ದರೆ ಅದು ಇನ್ನೂ ನಿಂತಿರುತ್ತಿತ್ತು ಅಂತ.

ಅವರು ಮಾಡಿದ ಕೆಲಸದ ಕ್ರಮ ನೋಡಿ. ತರಗತಿ ತೆರೆದದ್ದು 1919ರಲ್ಲಿ. ಅನುವಾದ ಇಲಾಖೆ ತೆರೆದದ್ದು ಅದಕ್ಕೆ ಎರಡು ವರ್ಷ ಮೊದಲು, 1917ರಲ್ಲಿ. ಮೌಲವಿ ಅಬ್ದುಲ್ ಹಕ್ ಅಂಥವರನ್ನು ತಂದು ಮುಖ್ಯಸ್ಥರನ್ನಾಗಿ ಮಾಡಿದರು. ಸಂಬಳ ಕೊಟ್ಟು ಪಂಡಿತರನ್ನು ಇಟ್ಟರು. ಒಂದೊಂದು ಪಾರಿಭಾಷಿಕ ಶಬ್ದಕ್ಕೂ ಸಮಿತಿ ಕೂತು ವಾದ ಮಾಡಿತು. ಚರಿತ್ರೆ, ಗಣಿತ, ರಸಾಯನ, ಕಾನೂನು, ವೈದ್ಯ ಅಂತ ನೂರಾರು ಪುಸ್ತಕ ಉರ್ದುವಿಗೆ ಬಂದವು. ಮೊದಲು ಪುಸ್ತಕ, ಆಮೇಲೆ ಪಾಠ.

ನಮ್ಮ ಕ್ರಮ ಹೇಗಿದೆ? 2021ರಲ್ಲಿ ಎಐಸಿಟಿಇಯವರು ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಬಹುದು ಅಂತ ಅನುಮತಿ ಕೊಟ್ಟರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಕರ್ನಾಟಕದಲ್ಲಿ ಕೆಲವು ಕಾಲೇಜು ಮುಂದೆ ಬಂದವು, ಹುಡುಗರು ಬರಲಿಲ್ಲ. ಬರಲಿಲ್ಲ ನೋಡಿ, ಕನ್ನಡಕ್ಕೆ ಬೇಡಿಕೆಯೇ ಇಲ್ಲ ಅಂದರು. ಓದುವುದಕ್ಕೆ ಪುಸ್ತಕದ ಕಪಾಟಿಲ್ಲ, ಕಲಿಸುವ ಮೇಷ್ಟ್ರಿಗೆ ತಯಾರಿಯಿಲ್ಲ, ಕಲಿತವನಿಗೆ ನೌಕರಿಯ ಭರವಸೆಯಿಲ್ಲ. ಯಾವ ತಂದೆ ಮಗನನ್ನು ಕಳಿಸಬೇಕು? ಸಾಲದ ಮಂಜೂರಾತಿ ಪತ್ರ ಕೊಟ್ಟು ಹಣ ಬಿಡುಗಡೆ ಮಾಡದೆ, ಪಾರ್ಟಿ ಬೋರ್‌ವೆಲ್ ಹೊಡೆಸಿಲ್ಲ ಅಂತ ರಿಪೋರ್ಟು ಬರೆದ ಹಾಗೆ ಇದು. ಅಂಥ ರಿಪೋರ್ಟುಗಳನ್ನು ನಾನೂ ನೋಡಿದ್ದೇನೆ.

ಕನ್ನಡದಲ್ಲಿ ಯಾರೂ ಏನೂ ಮಾಡಲೇ ಇಲ್ಲ ಅನ್ನುತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯ 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ತಂದಿತು. ಕುವೆಂಪು ಅಲ್ಲಿ 1956ರಿಂದ 1960ರ ತನಕ ಕುಲಪತಿಗಳಾಗಿದ್ದಾಗ ಕನ್ನಡ ಮಾಧ್ಯಮಕ್ಕೆ ಹಟ ಹಿಡಿದರು, ಬೈಸಿಕೊಂಡರು. ಆದರೆ ಹಟ ಹಿಡಿದದ್ದು ಒಬ್ಬ ಮನುಷ್ಯ. ಉಸ್ಮಾನಿಯಾದಲ್ಲಿ ಹಟ ಹಿಡಿದದ್ದು ಖಜಾನೆ. ವ್ಯತ್ಯಾಸ ಅಲ್ಲಿದೆ.

ನಾನೇನು ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಈ ಬರಹವನ್ನು ನಾನೇ ಅವಳಿಗೆ ಓದಿ ಹೇಳಬೇಕು. "ನೀವೇ ಸೇರಿಸಿದ್ರಲ್ಲಾ ಪಪ್ಪಾ" ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಪುಸ್ತಕವಿಲ್ಲದ ಕಡೆ ಮಗಳನ್ನು ಕಳಿಸುವ ಧೈರ್ಯ ನನಗೂ ಇರಲಿಲ್ಲ.

ಅದಕ್ಕೇ ಪುಸ್ತಕದ ಮಾತು ಎತ್ತಿದ್ದು. ನಾನು ಎಂ.ಕಾಂ. ಓದಿದ್ದು 1980ರಿಂದ, ಆಗಷ್ಟೇ ಹುಟ್ಟಿದ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ. ಎಲ್ಲ ಇಂಗ್ಲಿಷ್. ಒಂದು ರಾತ್ರಿ ಎಲಾಸ್ಟಿಸಿಟಿ ಆಫ್ ಡಿಮಾಂಡ್ ಅಂತ ಬಾಯಿಪಾಠ ಹೊಡೆಯುತ್ತ ಕೂತಿದ್ದೆ. ವ್ಯಾಖ್ಯೆ ಬಾಯಿಗೆ ಬಂದಿತ್ತು, ಅರ್ಥ ಆಗಿರಲಿಲ್ಲ. ಅಪ್ಪ ಕೇಳಿಸಿಕೊಂಡು, "ನಾವು ಅದಕ್ಕ ಲಚಕ್ ಅಂತಿದ್ವಿ. ಜಗ್ಗೂದು. ಉಪ್ಪಿನ ರೇಟು ಏರಿದ್ರ ಉಪ್ಪು ತಿನ್ನೂದು ಬಿಡ್ತೀಯೇನು? ಇಲ್ಲ. ಅದು ಜಗ್ಗೂದಿಲ್ಲ. ಮಲ್ಲಿಗಿ ಹೂವಿನ ರೇಟು ಏರಿದ್ರ ನಿಮ್ಮವ್ವ ಬಿಡ್ತಾಳ. ಅದು ಜಗ್ತದ" ಅಂದರು. ಎರಡು ನಿಮಿಷ. ಆ ಅಧ್ಯಾಯವನ್ನು ನಾನು ಇವತ್ತಿಗೂ ಮರೆತಿಲ್ಲ.

ಅಪ್ಪ ಉಸ್ಮಾನಿಯಾದಲ್ಲಿ ಅರ್ಥಶಾಸ್ತ್ರ ಓದಿದವರು. ಅಲ್ಲಿ ಅದಕ್ಕೆ ಮಾಷಿಯಾತ್ ಅನ್ನುತ್ತಿದ್ದರು. 1956ರ ನಂತರ ಅವರ ಉರ್ದು ಕಚೇರಿಯಲ್ಲಿ ನಡೆಯದ ನಾಣ್ಯವಾಯಿತು. ಮನೆಮಾತು ಕನ್ನಡವಾದ ಮನುಷ್ಯ ಕಚೇರಿ ಕನ್ನಡವನ್ನು ನಡುವಯಸ್ಸಿನಲ್ಲಿ ಹೊಸದಾಗಿ ಕಲಿತರು. ಜೊತೆಗೆ ಇಂಗ್ಲಿಷು. ಅವರಿಗಿಂತ ಆರು ವರ್ಷ ಚಿಕ್ಕವರು ಮೇಲಧಿಕಾರಿಗಳಾಗಿ ಬಂದರು. ಅವರು ಗೊಣಗಿದ್ದು ನಾನು ಕೇಳಿಲ್ಲ.

ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ನೋಟುಬುಕ್ಕು ಸಿಕ್ಕಿತು. ಬಲದಿಂದ ಎಡಕ್ಕೆ ಉರ್ದು ಬರಹ, ಕ್ಲಾಸಿನ ಟಿಪ್ಪಣಿ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಕನ್ನಡ ಅಕ್ಷರ. ನಾಂಪಲ್ಲಿಯ ಅದೇ ಮೇಷ್ಟ್ರನ್ನ ಕೂರಿಸಿಕೊಂಡು ಓದಿಸಿದೆ. ಸರ್ಮಾಯಾ ಅನ್ನುವುದರ ಪಕ್ಕ ಬಂಡವಾಳ. ಸೂದ್ ಪಕ್ಕ ಬಡ್ಡಿ. ಲಗಾನ್ ಪಕ್ಕ ಗೇಣಿ. ಕೀಮತ್ ಪಕ್ಕ 'ಕಿಮ್ಮತ್ತು, ಇದು ನಮ್ಮದೇ' ಅಂತ. ತಕ್ಲೀಲ್-ಎ-ಹಾಸಿಲ್ ಅಂತ ಒಂದು ಶಬ್ದ. ಮೇಷ್ಟ್ರು ನಕ್ಕು, "ಇದು ನಮ್ಮ ಮನೆಯಲ್ಲೂ ಯಾರಿಗೂ ತಿಳಿಯುತ್ತಿರಲಿಲ್ಲ" ಅಂದರು. ಅದರ ಪಕ್ಕದಲ್ಲಿ ಅಪ್ಪ ಬರೆದಿದ್ದರು: 'ಹೊಲಕ್ಕ ಗೊಬ್ಬರ ಹಾಕ್ತಾ ಹೋದಂಗ ಜೋಳ ಹೆಚ್ಚಾಗೂದು ಕಮ್ಮಿ ಆಗ್ತದ.' ಡಿಮಿನಿಷಿಂಗ್ ರಿಟರ್ನ್ಸ್ ಅನ್ನುವುದನ್ನು ಇದಕ್ಕಿಂತ ಸರಳವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಉಸ್ಮಾನಿಯಾ ಸರ್ಕಾರ ಉರ್ದುವಿಗೆ ಅನುವಾದ ಇಲಾಖೆ ತೆರೆದಿತ್ತು. ನಮ್ಮಪ್ಪ ಹಾಸ್ಟೆಲಿನ ಕೋಣೆಯಲ್ಲಿ ಒಂದು ಪೆನ್ಸಿಲಿನಿಂದ ಕನ್ನಡದ ಇಲಾಖೆ ನಡೆಸುತ್ತಿದ್ದರು.

ಇಲ್ಲಿ ಉಸ್ಮಾನಿಯಾದ ಎರಡನೇ ತಪ್ಪೂ ಕಾಣುತ್ತದೆ. ಬೀದಿಯ ದಖನಿಯಲ್ಲಿ ಇದ್ದ ಮಾತು ಬಿಟ್ಟು ಅರಬ್ಬಿ, ಫಾರಸಿಯಿಂದ ಭಾರವಾದ ಶಬ್ದ ತಂದು ಹೇರಿದರು. ನಮ್ಮ ಕನ್ನಡ ಪಠ್ಯಗಳು ಸಂಸ್ಕೃತದಿಂದ ಅದನ್ನೇ ಮಾಡುತ್ತಿವೆ. ಕಾಂಟಿಂಜೆಂಟ್ ಲಯಬಿಲಿಟಿಗೆ 'ಸಾಂದರ್ಭಿಕ ಹೊಣೆಗಾರಿಕೆ' ಅಂತ ಬರೆದರೆ ಯಾವ ಅಂಗಡಿಕಾರನಿಗೆ ತಿಳಿಯುತ್ತದೆ? ನಮ್ಮ ಕಡೆಯ ರೈತನ ಬಾಯಲ್ಲಿ ಬಾಕಿ, ವಸೂಲಿ, ಜಾಮೀನು, ತಗಾದೆ, ರಸೀದಿ, ಜಪ್ತಿ, ಗಿರವಿ ಎಲ್ಲ ಇವೆ. ಒಂದು ಸಲ ಒಬ್ಬ ರೈತನಿಗೆ ಎತ್ತಿನ ಸಾಲ ಕೊಡುವಾಗ ಹೈಪಾಥಿಕೇಶನ್ ಕಾಗದಕ್ಕೆ ಹೆಬ್ಬೆಟ್ಟು ಬೇಕಿತ್ತು. ಇಂಗ್ಲಿಷಿನ ಎಂಟು ಪುಟ. "ಗೌಡ್ರ, ಮಾಲು ನಿಮ್ಮ ಮನ್ಯಾಗೇ ಇರ್ತದ, ಸಾಲ ತೀರೂ ತನಕ ಹಕ್ಕು ಬ್ಯಾಂಕಿಂದು" ಅಂದೆ. ಅವರು ಒಂದು ಗಳಿಗೆ ಯೋಚಿಸಿ, "ಅಂದ್ರ ಎತ್ತು ನಂದು, ಹಗ್ಗ ನಿಮ್ದು" ಅಂದರು. ಎಂಟು ಪುಟ ನಾಲ್ಕು ಶಬ್ದದಲ್ಲಿ ಮುಗಿಯಿತು. ಈ ಜನರಿಗೆ ವಾಣಿಜ್ಯಶಾಸ್ತ್ರ ಕನ್ನಡದಲ್ಲಿ ಆಗುವುದಿಲ್ಲ ಅಂತ ನನಗೆ ಹೇಳಲು ಬರಬೇಡಿ.

ಪಟಾನ್‌ಚೆರುವಿನಲ್ಲೇ ಇಕ್ರಿಸ್ಯಾಟ್ ಇದೆ, 1972ರಿಂದ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅವರ ಬೆಳೆಗಳು. ಹೆಚ್ಚುಕಡಿಮೆ ಕಲಬುರಗಿಯ ಊಟದ ತಾಟು. ಸೊರಗು ರೋಗ ತಡೆಯುವ ಮಾರುತಿ ತೊಗರಿ ಇಲ್ಲಿಂದಲೇ ನಮ್ಮ ಹೊಲಕ್ಕೆ ಬಂತು. ಬೀಜ ಕನ್ನಡ ನಾಡಿಗೆ ತಲುಪಿತು, ಅದರ ಹಿಂದಿನ ಶಾಸ್ತ್ರ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ತೊಗರಿಯ ಕಣಜ ಅಂತ ಹೇಳಿಕೊಳ್ಳುವ ಜಿಲ್ಲೆಯ ಹುಡುಗ ತೊಗರಿಯ ಶಾಸ್ತ್ರವನ್ನು ಕನ್ನಡದಲ್ಲಿ ಎಲ್ಲಿ ಓದಬೇಕು?

ಅಪ್ಪನ ನೋಟುಬುಕ್ಕು ನನ್ನ ನಂತರ ಹಾಳಾಗಬಾರದು ಅಂತ ನಮ್ಮ ರಾಜ್ಯದ ಒಂದು ಸಂಸ್ಥೆಗೆ ಒಯ್ದೆ. ಅಲ್ಲಿಯ ಕನ್ನಡದವರು ತಿರುವಿ ನೋಡಿ, "ಇದು ಉರ್ದು ಅದ ಅಲ್ರಿ ಸರ, ಉರ್ದು ವಿಭಾಗಕ್ಕ ಕೊಡ್ರಿ" ಅಂದರು. ಉರ್ದುವಿನವರು ಬಹಳ ಮರ್ಯಾದೆಯಿಂದ ಚಹಾ ಕೊಟ್ಟು, ಕ್ಲಾಸಿನ ಟಿಪ್ಪಣಿಗೆ ತಮ್ಮಲ್ಲಿ ಜಾಗವಿಲ್ಲ, ಅಂಚಿನ ಕನ್ನಡವೇ ಇದರಲ್ಲಿ ವಿಶೇಷ, ಆದ್ದರಿಂದ ಕನ್ನಡ ವಿಭಾಗಕ್ಕೆ ಕೊಡುವುದು ಒಳ್ಳೆಯದು ಅಂದರು. ಎರಡೂ ಕೋಣೆಗಳ ನಡುವೆ ಇಪ್ಪತ್ತು ಹೆಜ್ಜೆ. ನಾನು ನಾಲ್ಕು ಸಲ ಓಡಾಡಿ ಬಸ್‌ಸ್ಟ್ಯಾಂಡಿಗೆ ಬಂದೆ.

ಈಗ ಅದು ಪಟಾನ್‌ಚೆರುವಿನಲ್ಲಿ ನನ್ನ ಕಪಾಟಿನಲ್ಲಿದೆ. ದಿನಾ ಬೆಳಿಗ್ಗೆ ಒಂದು ತಾಸು ಕೂತು ಅಂಚಿನ ಶಬ್ದಗಳನ್ನು ಬೇರೆ ಪುಸ್ತಕಕ್ಕೆ ಇಳಿಸುತ್ತಿದ್ದೇನೆ, ನನ್ನ ಬ್ಯಾಂಕಿನ ಶಬ್ದಗಳನ್ನೂ ಸೇರಿಸುತ್ತಿದ್ದೇನೆ. ನೂರಾ ನಲವತ್ತು ಆಗಿವೆ. ಕಾಂಟಿಂಜೆಂಟ್ ಲಯಬಿಲಿಟಿಗೆ ಇನ್ನೂ ಸಿಕ್ಕಿಲ್ಲ. 'ಬಂದರ ಬರೂ ಸಾಲ' ಅಂತ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದವರು ಸಂಪಾದಕರ ಮೂಲಕ ತಿಳಿಸಿ. ನೋಟುಬುಕ್ಕು ನೋಡಬೇಕು ಅನ್ನುವವರು ಮನೆಗೇ ಬನ್ನಿ. ಚಹಾದ ಜೊತೆ ಉಸ್ಮಾನಿಯಾ ಬಿಸ್ಕೀಟೂ ಇರುತ್ತದೆ.